ಜಾತ್ರೆಯ ವೇದಿಕೆ ಇಳಿದು ಬನ್ನಿ: ಧಾರವಾಡ, ಗದಗ, ಹಾವೇರಿಯ ಮುಖಂಡರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಹುಬ್ಬಳ್ಳಿಯಲ್ಲಿ ಬಟ್ಟೆ ವ್ಯಾಪಾರ ಮಾಡುವವನು. ಯಾವ ಪಕ್ಷದ ಸದಸ್ಯನೂ ಅಲ್ಲ. ಸೋಮವಾರ ಸಿದ್ಧಾರೂಢ ಮಠಕ್ಕೆ ಹೋಗಿ ಬರುತ್ತೇನೆ, ದೀಪ ಹಚ್ಚದೆ ಅಂಗಡಿಯಲ್ಲಿ ವ್ಯಾಪಾರ ಶುರು ಮಾಡುವುದಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಧರ್ಮವನ್ನು ರಾಜಕಾರಣಕ್ಕೆ ಎಳೆಯಬೇಡಿ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ‘ಇವನಿಗೆ ದೇವರು ಬೇಡ’ ಎಂದು ನಿಮ್ಮ ಕಡೆಯವರು ಶುರು ಮಾಡುತ್ತಾರೆ. ನನಗೆ ದೇವರು ಬೇಕು. ಬೇಕು ಎಂದೇ ಈ ಪತ್ರ ಬರೆಯುತ್ತಿದ್ದೇನೆ.

ಇದು ಒಂದು ಪಕ್ಷಕ್ಕೆ ಬರೆದದ್ದಲ್ಲ. ಈ ಮೂರು ಜಿಲ್ಲೆಗಳ ಶಾಸಕರಿಗೆ, ಸಂಸದರಿಗೆ, ಪಾಲಿಕೆಯಿಂದ ಪಂಚಾಯ್ತಿವರೆಗೆ ಟಿಕೆಟ್‌ಗಾಗಿ ಈಗಲೇ ಓಡಾಡುತ್ತಿರುವವರಿಗೆ ಬರೆದದ್ದು. ಮೂರು ಜಿಲ್ಲೆ ಅಂದೆ, ಆದರೆ 1997ರವರೆಗೆ ಇದೆಲ್ಲ ಒಂದೇ ಧಾರವಾಡ ಜಿಲ್ಲೆಯಾಗಿತ್ತು. ನಮ್ಮ ಬೀಗತನ, ವ್ಯಾಪಾರ, ಜಾತ್ರೆ ಎಲ್ಲ ಇನ್ನೂ ಒಂದೇ.

ನಮ್ಮ ಓಣಿಯ ಗಣಪತಿಯ ವಿಷಯ ಹೇಳುತ್ತೇನೆ, ಕೇಳಿ. ಮೊದಲು ಶ್ರಾವಣ ಬಂತೆಂದರೆ ಹುಡುಗರು ರಸೀದಿ ಪುಸ್ತಕ ಹಿಡಿದು ಪಟ್ಟಿ ಎತ್ತಲು ಬರುತ್ತಿದ್ದರು. ಹತ್ತು ರೂಪಾಯಿ ಕೊಡುವವರು ಹತ್ತು, ಐನೂರು ಕೊಡುವವರು ಐನೂರು, ಅವರವರ ಶಕ್ತಿ. ಪಟ್ಟಿ ಕೊಡುವವರಲ್ಲಿ ಮುಸ್ಲಿಂ ಅಂಗಡಿಯವರೂ ಇದ್ದರು. ಬಳೆ ಅಂಗಡಿಯ ಸಾಹೇಬರು ‘ಹೋದ ವರ್ಷಕ್ಕಿಂತ ಜಾಸ್ತಿ ಬರಕೊಳ್ರಿ’ ಎಂದು ತಾವೇ ಹೇಳುತ್ತಿದ್ದರು. ಹತ್ತು ರೂಪಾಯಿ ಕೊಟ್ಟವನಿಗೂ ಲೆಕ್ಕ ಕೇಳುವ ಹಕ್ಕಿತ್ತು. ಗಣಪತಿ ಕಳಿಸಿದ ಮೇಲೆ ಜಮಾ-ಖರ್ಚು ಬರೆದ ಹಾಳೆಯನ್ನು ಮಂಟಪದ ಕಂಬಕ್ಕೆ ಅಂಟಿಸುತ್ತಿದ್ದರು. ಮೆರವಣಿಗೆ ಯಾವ ರಸ್ತೆ ಹಿಡಿಯಬೇಕು, ಮಸೀದಿ ಹತ್ತಿರ ಬಂದಾಗ ನಮಾಜಿನ ಹೊತ್ತಾಗಿದ್ದರೆ ಏನು ಮಾಡಬೇಕು, ಇದೆಲ್ಲ ಓಣಿಯ ಹಿರಿಯರು ಒಂದು ಸಂಜೆ ಕೂತು ಮಾತಾಡಿ ಮುಗಿಸುತ್ತಿದ್ದರು.

ಒಂದು ವರ್ಷ ಒಬ್ಬ ಮುಖಂಡರು ಬಂದು ಇಡೀ ಖರ್ಚನ್ನು ಒಂದೇ ಸಲಕ್ಕೆ ಕೊಟ್ಟರು. ಮನೆಮನೆ ತಿರುಗುವ ಕೆಲಸ ತಪ್ಪಿತೆಂದು ಹುಡುಗರಿಗೆ ಖುಷಿ. ಆ ವರ್ಷ ಮುಖಂಡರ ಫೋಟೊ ಗಣಪತಿಗಿಂತ ಎತ್ತರದಲ್ಲಿ ನಿಂತಿತು. ಡಾಲ್ಬಿ ಬಂತು. ಯಾವ ಹಾಡು ಹಾಕಬೇಕು, ಯಾವ ತಿರುವಿನಲ್ಲಿ ನಿಂತು ಏನು ಕೂಗಬೇಕು ಎಂಬುದು ಓಣಿಯ ಹೊರಗೆ ತೀರ್ಮಾನವಾಗತೊಡಗಿತು. ಪಟ್ಟಿ ನಿಂತಿತು, ಪಟ್ಟಿ ನಿಂತ ಮೇಲೆ ಲೆಕ್ಕ ನಿಂತಿತು, ಲೆಕ್ಕ ನಿಂತ ಮೇಲೆ ಹಿರಿಯರ ಮಾತಿಗೆ ಬೆಲೆ ಹೋಯಿತು. ಬಳೆ ಅಂಗಡಿಯವರನ್ನು ಈಗ ಯಾರೂ ಕೇಳುವುದಿಲ್ಲ. ಅವರೂ ಸುಮ್ನೆ ಆ ದಿನ ಬೇಗ ಶಟರ್ ಇಳಿಸಿ ಮನೆಗೆ ಹೋಗುತ್ತಾರೆ. ಉರುಸಿನ ಕಮಿಟಿಗಳಲ್ಲೂ ಇದೇ ಆಗಿದೆ. ಅಲ್ಲಿ ದುಡ್ಡು ಕೊಡುವ ಪಕ್ಷ ಬೇರೆ, ಅಷ್ಟೇ.

ಧರ್ಮದೊಳಗೆ ರಾಜಕಾರಣ ಹೊಕ್ಕರೆ ಬೇರೆ ಧರ್ಮದವರಿಗೆ ತೊಂದರೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಅದಕ್ಕೂ ಮೊದಲು ಆ ಧರ್ಮದ ಸಾಮಾನ್ಯ ಜನ ತಮ್ಮ ಹಬ್ಬವನ್ನು ಕಳಕೊಳ್ಳುತ್ತಾರೆ. ನಮ್ಮ ಗಣಪತಿ ನಮ್ಮ ಕೈಯಲ್ಲಿ ಉಳಿದಿಲ್ಲ. ನಾನು ನಿಮಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ.

ಇನ್ನು ಚನ್ನಮ್ಮ ಸರ್ಕಲ್ ಪಕ್ಕದ ಈದ್ಗಾ ಮೈದಾನ. ಈ ಊರಿನಲ್ಲಿ ಇದ್ದುಕೊಂಡು ಅದರ ಬಗ್ಗೆ ಮಾತಾಡದೆ ಈ ಪತ್ರ ಬರೆಯಲು ಆಗುವುದಿಲ್ಲ. ಅದು ಅಸಲಿಗೆ ಒಂದು ಜಾಗದ ತಕರಾರು. ಜಾಗ ಪಾಲಿಕೆಯದೋ, ಮುಸ್ಲಿಮರ ಅಂಜುಮನ್ ಸಂಸ್ಥೆಗೆ ಅಲ್ಲಿ ಎಷ್ಟು ಹಕ್ಕಿದೆ, ಕಟ್ಟಡ ಕಟ್ಟಬಹುದೋ ಇಲ್ಲವೋ ಎಂಬುದು ಪ್ರಶ್ನೆ. ಇಂಥ ವ್ಯಾಜ್ಯ ನಮ್ಮ ಕೋರ್ಟಿನಲ್ಲಿ ಸಾವಿರ ಇವೆ. ಆದರೆ 1992ರಿಂದ ಅಲ್ಲಿ ರಾಷ್ಟ್ರಧ್ವಜ ಹಾರಿಸುವ ಹೋರಾಟ ಶುರುವಾಯಿತು. ಒಂದು ಕಡೆಯವರು ಅದನ್ನು ದೇಶಭಕ್ತಿಯ ಪರೀಕ್ಷೆ ಮಾಡಿದರು. ಅಧಿಕಾರದಲ್ಲಿದ್ದವರು ಮತದ ಲೆಕ್ಕ ಹಾಕುತ್ತ ವರ್ಷ ದೂಡಿದರು. 1994ರ ಆಗಸ್ಟ್ 15ರಂದು ಊರಿಗೆ ಕರ್ಫ್ಯೂ ಬಿತ್ತು, ಗೋಲಿಬಾರ್ ಆಯಿತು, ಜನ ಸತ್ತರು. ಸ್ವಾತಂತ್ರ್ಯದ ದಿನವೇ ಈ ಊರಿನಲ್ಲಿ ಹೆಣ ಬಿದ್ದವು. ಆ ವರ್ಷದ ಕೊನೆಗೆ ವಿಧಾನಸಭೆ ಚುನಾವಣೆ ಇತ್ತು ಎಂಬುದನ್ನೂ ನೆನಪಿಡಿ.

ಐದು ತಿಂಗಳ ನಂತರ, 1995ರ ಜನವರಿ 26ರಂದು, ಅದೇ ಮೈದಾನದಲ್ಲಿ ಅಂಜುಮನ್‌ನವರೇ ಬಾವುಟ ಹಾರಿಸಿದರು. ಕೂತು ಮಾತಾಡಿದ್ದಕ್ಕೆ ಅದು ಸಾಧ್ಯವಾಯಿತು. ಜಾಗದ ವಿಷಯವನ್ನು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ವರ್ಷಕ್ಕೆ ಎರಡು ಸಲ ನಮಾಜಿಗೆ ಅವಕಾಶ, ಒಡೆತನ ಪಾಲಿಕೆಯದು. ಎರಡೂ ಪ್ರಶ್ನೆಗೆ ಉತ್ತರ ಸಿಕ್ಕಿತು ಅಲ್ವಾ? ಒಂದಕ್ಕೆ ಮಾತುಕತೆಯಿಂದ, ಇನ್ನೊಂದಕ್ಕೆ ಕೋರ್ಟಿನಿಂದ. ನಡುವೆ ಸತ್ತವರು ಯಾಕೆ ಸತ್ತರು ಎಂದು ಅವರ ಮನೆಯವರು ಕೇಳಿದರೆ ಯಾವ ಪಕ್ಷದ ಹತ್ತಿರ ಉತ್ತರವಿದೆ? 2022ರ ಆಗಸ್ಟ್ 30ರಂದು ಮತ್ತೆ ಅದೇ ಮೈದಾನ, ಈ ಸಲ ಗಣೇಶೋತ್ಸವ. ಅಲ್ಲಿ ಗಣಪತಿ ಕೂರಿಸಬಹುದೋ ಇಲ್ಲವೋ ಎಂದು ಧಾರವಾಡದ ಹೈಕೋರ್ಟ್ ಪೀಠ ರಾತ್ರಿ ಹೊತ್ತಿನಲ್ಲಿ ಕೂತು ಆದೇಶ ಕೊಡಬೇಕಾಯಿತು. ಹಬ್ಬದ ಹಿಂದಿನ ರಾತ್ರಿ ಇಡೀ ಊರು ಕಡುಬಿನ ತಯಾರಿ ಬಿಟ್ಟು ಟಿವಿ ಮುಂದೆ ಕೂತಿತ್ತು. ಮುಂದಿನ ವಿಧಾನಸಭೆ ಚುನಾವಣೆಗೆ ಆಗ ಒಂದು ವರ್ಷವೂ ಇರಲಿಲ್ಲ.

ಬಾವುಟದ ಮಾತು ಬಂತು, ನಮ್ಮ ಹುಬ್ಬಳ್ಳಿಯ ಬೆಂಗೇರಿಯನ್ನು ಮರೆಯಲಾಗದು. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಶುರುವಾದದ್ದು. ದೇಶದ ಸರ್ಕಾರಿ ಕಚೇರಿಗಳ ಮೇಲೆ ಹಾರುವ ಖಾದಿ ಧ್ವಜಗಳು ಅಲ್ಲಿಂದ ಹೋಗುತ್ತವೆ. ಹೊಲಿಯುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಕೇಸರಿ, ಬಿಳಿ, ಹಸಿರು ಪಟ್ಟಿಗಳನ್ನು ಅಳತೆ ಹಿಡಿದು ಕೂಡಿಸುತ್ತಾರೆ. ಬಿಳಿ ಬಟ್ಟೆಯ ಎರಡೂ ಮಗ್ಗುಲಿಗೆ ಚಕ್ರದ ಅಚ್ಚು ಬೀಳಬೇಕು, ಇಪ್ಪತ್ನಾಲ್ಕು ಗೆರೆಗಳೂ ಹಿಂದೆ ಮುಂದೆ ಒಂದಕ್ಕೊಂದು ಕೂಡಬೇಕು. ಸ್ವಲ್ಪ ಸರಿದರೂ ಆ ಬಾವುಟ ಪಾಸಾಗುವುದಿಲ್ಲ. 21 ಅಡಿ ಉದ್ದ 14 ಅಡಿ ಅಗಲದ ದೊಡ್ಡ ಧ್ವಜದಿಂದ ಹಿಡಿದು ಮೇಜಿನ ಮೇಲಿಡುವ ಪುಟ್ಟ ಧ್ವಜದವರೆಗೆ ಅಳತೆಗಳಿವೆ. ಬಟ್ಟೆ ವ್ಯಾಪಾರಿಯಾಗಿ ಹೇಳುತ್ತೇನೆ, ಅಷ್ಟು ಶಿಸ್ತಿನ ಹೊಲಿಗೆ ಬೇರೆ ಕಡೆ ಸಿಗುವುದು ಕಷ್ಟ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಬೇಡಿಕೆ ಕುಸಿಯಿತು ಎಂದು ಬೆಂಗೇರಿಯವರು ಗೋಳಾಡಿದರು. ಈದ್ಗಾ ಮೈದಾನದ ಬಗ್ಗೆ ಗಂಟಲು ಹರಿದುಕೊಂಡವರಲ್ಲಿ ಎಷ್ಟು ಜನ ಬೆಂಗೇರಿಯ ಹೊಲಿಗೆ ಯಂತ್ರಗಳ ಮುಂದೆ ಕೂತವರ ಪರವಾಗಿ ಮಾತಾಡಿದಿರಿ? ಬಾವುಟ ನಿಮಗೆ ನಿಜವಾಗಿ ಬೇಕಿದ್ದರೆ ಅದನ್ನು ಹೊಲಿಯುವ ಕೈಗಳೂ ಬೇಕಾಗುತ್ತಿದ್ದವು.

1994ಕ್ಕೆ ಇನ್ನೊಂದು ಕಾರಣಕ್ಕೂ ಮಹತ್ವವಿದೆ. ನಮ್ಮ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ಕೇಂದ್ರ ವಜಾ ಮಾಡಿತು. ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ರಾಜ್ಯ ಸರ್ಕಾರಗಳನ್ನು ಮನಬಂದಂತೆ ಕಿತ್ತುಹಾಕುವುದಕ್ಕೆ ಕಡಿವಾಣ ಬಿತ್ತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತು ಇತ್ತು. ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ರಚನೆಯ, ಅಂದರೆ ತಿದ್ದುಪಡಿಯಿಂದಲೂ ಅಳಿಸಲಾಗದ ತಳಹದಿಯ ಭಾಗ, ಸರ್ಕಾರ ನಡೆಸುವ ಕೆಲಸದಲ್ಲಿ ಧರ್ಮವನ್ನು ಬೆರೆಸುವಂತಿಲ್ಲ. ಬಾಬರಿ ಮಸೀದಿ ಬಿದ್ದ ಮೇಲೆ ಮೂರು ರಾಜ್ಯಗಳ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಕೋರ್ಟ್ ಎತ್ತಿಹಿಡಿದದ್ದು ಇದೇ ಆಧಾರದ ಮೇಲೆ. ಇವತ್ತಿಗೂ ದೇಶದ ಕಾನೂನು ಕಾಲೇಜುಗಳಲ್ಲಿ ಅದು ಬೊಮ್ಮಾಯಿ ಪ್ರಕರಣ ಎಂದೇ ಪಾಠವಾಗುತ್ತದೆ. ಶಿಗ್ಗಾವಿ ತಾಲ್ಲೂಕಿನ ಕಾರಡಗಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ ಮನುಷ್ಯನ ಹೆಸರು ಅದು. ತೀರ್ಪು ಬಂದು ಐದೇ ತಿಂಗಳಿಗೆ ಅವರ ಊರಲ್ಲೇ ಗೋಲಿಬಾರ್ ಆಯಿತು ಎಂಬುದು ನನಗೆ ಇವತ್ತಿಗೂ ನೋವು ಕೊಡುವ ಸಂಗತಿ.

ಕಾನೂನು ಇಲ್ಲ ಎಂದು ನೀವು ಹೇಳುವಂತಿಲ್ಲ. ಪಂಜಾಬಿನಲ್ಲಿ ಸ್ವರ್ಣಮಂದಿರದೊಳಗೆ ಬಂದೂಕು ಸೇರಿಕೊಂಡು ದೇಶ ಪಟ್ಟ ಪಾಡು ನೋಡಿ, 1988ರಲ್ಲಿ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಬಂತು. ಗುಡಿ, ಮಠ, ಮಸೀದಿ, ಚರ್ಚು, ಎಲ್ಲಕ್ಕೂ ಅದು ಒಂದೇ. ಅವುಗಳ ಜಾಗವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು. ಅವುಗಳ ದುಡ್ಡು ಪಕ್ಷಕ್ಕೆ ಹೋಗಬಾರದು. ಅವು ನಡೆಸುವ ಹಬ್ಬ, ಮೆರವಣಿಗೆ, ಸಭೆಗಳನ್ನು ರಾಜಕೀಯಕ್ಕೆ ಬಿಟ್ಟುಕೊಡಬಾರದು. ತಪ್ಪಿದರೆ ಐದು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ. ಈ ಕಾಯ್ದೆಯಡಿ ಶಿಕ್ಷೆಯಾದವರು ಚುನಾವಣೆಗೆ ನಿಲ್ಲುವಂತೆಯೂ ಇಲ್ಲ. ಇಂಥದ್ದೊಂದು ಕಾಯ್ದೆ ಇದೆ ಎಂದು ನಮ್ಮ ಮಾರ್ಕೆಟ್‌ನಲ್ಲಿ ಕೇಳಿ ನೋಡಿ, ಹತ್ತರಲ್ಲಿ ಒಬ್ಬರಿಗೂ ಗೊತ್ತಿರಲಿಕ್ಕಿಲ್ಲ. ನಿಮಗೆ ಗೊತ್ತಿರಬೇಕಲ್ಲ?

ಚುನಾವಣೆಯ ಕಾನೂನೂ ಇದೆ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮದ ಹೆಸರಲ್ಲೂ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ಹೇಳಿತು. ಆದರೆ ಇದು ನಡೆಯುವ ರೀತಿ ನೋಡಿ. ಫಲಿತಾಂಶ ಬಂದ 45 ದಿನದೊಳಗೆ ಯಾರಾದರೂ ಹೈಕೋರ್ಟಿಗೆ ಹೋಗಬೇಕು. ಭಾಷಣದ ಸಾಕ್ಷಿ ಒದಗಿಸಬೇಕು, ವಕೀಲರ ಫೀ ಕಟ್ಟಬೇಕು. ಮುಂಬೈನ ವಿಲೇಪಾರ್ಲೆ ಕ್ಷೇತ್ರದಲ್ಲಿ 1987ರ ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಅಲ್ಲಿನ ಭಾಷಣಗಳ ಬಗ್ಗೆ ಸುಪ್ರೀಂ ಕೋರ್ಟಿನ ಕೊನೆಯ ಮಾತು ಬಂದದ್ದು 1995ರ ಡಿಸೆಂಬರ್‌ನಲ್ಲಿ. ಗೆದ್ದದ್ದು ತಪ್ಪು ಎಂದು ಸಾಬೀತಾಯಿತು, ಆದರೆ ಎಂಟು ವರ್ಷ ಕಳೆದಿತ್ತು. ಕೂಲಿ ಮಾಡುವ ಮತದಾರ ಈ ದಾರಿ ಹಿಡಿಯಲು ಆಗುತ್ತದಾ? ಹಾಗಾಗಿ ಕಾನೂನು ಪಾಲಿಸುವ ಹೊಣೆ ನಿಮ್ಮ ಮೇಲೇ ಇದೆ.

ಮಠಗಳ ವಿಷಯ ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ. ಈ ಭಾಗದಲ್ಲಿ ಬಡವರ ಮಕ್ಕಳು ಅಕ್ಷರ ಕಲಿತದ್ದು, ಎರಡು ಹೊತ್ತು ಉಂಡದ್ದು ಮಠಗಳಲ್ಲಿ. ನಮ್ಮ ಮನೆತನದಲ್ಲೂ ಓದಿದವರು ಮಠದ ಪ್ರಸಾದನಿಲಯದಲ್ಲೇ ಬೆಳೆದವರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದಾಗ ಎಲ್ಲ ಜಾತಿ, ಎಲ್ಲ ಧರ್ಮದವರು ಅತ್ತರು. ಅಂಥ ಗೌರವ ಓಟಿನಿಂದ ಬರುವುದಿಲ್ಲ. ಆದರೆ ನೀವು ಏನು ಮಾಡಿದಿರಿ? ಸಮಾಜಕ್ಕೊಂದು ಮಠ, ಮಠಕ್ಕೊಂದು ಅನುದಾನ, ಅನುದಾನಕ್ಕೊಂದು ವೋಟ್ ಬ್ಯಾಂಕ್ ಎಂದು ಲೆಕ್ಕ ಹಾಕಿದಿರಿ. 2022ರಲ್ಲಿ ಸ್ವಾಮೀಜಿಯೊಬ್ಬರು, ಮಠಕ್ಕೆ ಬರುವ ಅನುದಾನದಲ್ಲೂ ಕಮಿಷನ್ ಮುರಿದುಕೊಳ್ಳುತ್ತಾರೆ ಎಂದು ಬಹಿರಂಗವಾಗಿ ಆರೋಪಿಸಿದರು. ಅದು ನಿಜವೋ ಸುಳ್ಳೋ ತನಿಖೆಗೆ ಬಿಟ್ಟದ್ದು. ಒಬ್ಬ ಸ್ವಾಮೀಜಿ ಹಾಗೆ ಹೇಳುವ ಸ್ಥಿತಿ ಬಂತಲ್ಲ ಎಂಬುದೇ ನನ್ನ ಸಂಕಟ.

2018ರ ಮಾರ್ಚ್ ನೆನಪಿಸಿಕೊಳ್ಳಿ. ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸು. ಆ ಪ್ರಶ್ನೆಗೆ ತನ್ನದೇ ಇತಿಹಾಸವಿದೆ, ತತ್ವವಿದೆ, ಎರಡೂ ಕಡೆ ಪ್ರಾಮಾಣಿಕ ವಿದ್ವಾಂಸರಿದ್ದಾರೆ. ಅದನ್ನು ಅವರು ವರ್ಷಗಟ್ಟಲೆ ಚರ್ಚಿಸಲಿ. ಆದರೆ ಚುನಾವಣೆಗೆ ಎರಡು ತಿಂಗಳು ಇರುವಾಗ ಸಂಪುಟ ಅದನ್ನು ಕೈಗೆತ್ತಿಕೊಂಡಿತು. ಒಂದೇ ಮನೆಯ ಅಣ್ಣ-ತಮ್ಮಂದಿರು ಮದುವೆ ಪತ್ರಿಕೆಯಲ್ಲಿ ಯಾವ ಶಬ್ದ ಹಾಕಿಸಬೇಕು ಎಂದು ಜಗಳಾಡಿದ್ದನ್ನು ನಾನು ನೋಡಿದ್ದೇನೆ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಗದಗ ಜಿಲ್ಲೆಯಲ್ಲಿ ನಡೆದ ರಂಭಾಪುರಿ ಪೀಠದ ದಸರಾ ಕಾರ್ಯಕ್ರಮದಲ್ಲಿ, ಆ ಶಿಫಾರಸು ಮಾಡಿದ ಪಕ್ಷದ ಸಚಿವರೊಬ್ಬರು ಧರ್ಮದ ವಿಷಯದಲ್ಲಿ ಕೈ ಹಾಕಿ ತಪ್ಪು ಮಾಡಿದೆವು ಎಂದು ಕ್ಷಮೆ ಕೇಳಿದರು. ಅವರ ಮಾತನ್ನು ನಾನು ಮೆಚ್ಚುತ್ತೇನೆ. ಆದರೆ ಆ ಕ್ಷಮೆಯನ್ನೂ ಧಾರ್ಮಿಕ ವೇದಿಕೆಯ ಮೇಲೆಯೇ ಕೇಳಬೇಕಾಯಿತು ಅಲ್ವಾ?

ಶಿರಹಟ್ಟಿಯ ಫಕೀರೇಶ್ವರ ಮಠದ ಮಾತು ನಿಮಗೆಲ್ಲ ಗೊತ್ತು: ದ್ವೇಷ ಬಿಡು, ಪ್ರೀತಿ ಮಾಡು. ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಪೀಠ ಅದು. 2024ರ ಲೋಕಸಭೆ ಚುನಾವಣೆಯಲ್ಲಿ ಅಲ್ಲಿನ ಸ್ವಾಮೀಜಿ ಧಾರವಾಡ ಕ್ಷೇತ್ರಕ್ಕೆ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿದರು, ಆಮೇಲೆ ವಾಪಸ್ ಪಡೆದರು. ಚುನಾವಣೆಗೆ ನಿಲ್ಲುವ ಹಕ್ಕು ಅವರಿಗೂ ಇದೆ, ಅದನ್ನು ಯಾರೂ ಕಿತ್ತುಕೊಳ್ಳಲಾಗದು. ಆದರೂ ಗುರುಗಳಲ್ಲಿ ನನ್ನದೊಂದು ಅರಿಕೆ. ನೀವು ಒಂದು ಪಕ್ಷದ ವಿರುದ್ಧ ಅಥವಾ ಪರ ನಿಂತ ದಿನ, ಇನ್ನೊಂದು ಪಕ್ಷಕ್ಕೆ ಓಟು ಹಾಕುವ ಭಕ್ತ ನಿಮ್ಮ ಮುಂದೆ ತಲೆಬಾಗುವುದು ಹೇಗೆ? ಅವನು ತನ್ನ ಮನೆಯ ಜಗಳ ತಂದು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದ. ಇನ್ನು ಹೇಳುವಾಗ ಅನುಮಾನಿಸುತ್ತಾನೆ.

ಶ್ರೀಲಂಕಾದಲ್ಲಿ 1956ರಲ್ಲಿ ಬಂಡಾರನಾಯಕೆ ಅವರು ಬೌದ್ಧ ಭಿಕ್ಷುಗಳ ಬೆಂಬಲ ಕಟ್ಟಿಕೊಂಡು ಪ್ರಧಾನಿಯಾದರು. 1959ರಲ್ಲಿ ಅವರಿಗೆ ಗುಂಡು ಹಾರಿಸಿದವನೂ ಒಬ್ಬ ಭಿಕ್ಷು. ಸಂಚು ಮಾಡಿದವನು ಅವರ ಗೆಲುವಿಗೆ ದುಡಿದಿದ್ದ ಪ್ರಮುಖ ಭಿಕ್ಷು. ಪೀಠಗಳನ್ನು ಚುನಾವಣೆಗೆ ಎಳೆದರೆ ಎಲ್ಲಿ ನಿಲ್ಲುತ್ತದೆ ಎಂಬುದು ಎಳೆದವರ ಕೈಯಲ್ಲೂ ಇರುವುದಿಲ್ಲ.

ನಮ್ಮ ಕಡೆ ಧರ್ಮಗಳು ಹೀಗೆ ಬೇಲಿ ಹಾಕಿಕೊಂಡು ಬದುಕಿದ್ದಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಯಲ್ಲಿ ಇವತ್ತಿಗೂ ಮೊಹರಂ ಆಗುತ್ತದೆ. ಗೌಡರು ಮುಂದೆ ನಿಂತು ಬೆಂಕಿ ಹಾಕುವ ಅಲಾಯಿ ಕುಣಿ ತೋಡಿಸುತ್ತಾರೆ. ಕುರುಬರು, ವಾಲ್ಮೀಕಿಯವರು, ಲಿಂಗಾಯತರು ದೇವರು ಹಿಡಿಯುತ್ತಾರೆ. ಹೆಜ್ಜೆ ಮೇಳ ಕುಣಿಯುತ್ತದೆ, ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರೆ, ಮನೆಮನೆಯಲ್ಲಿ ಚೊಂಗೆ ಮಾಡುತ್ತಾರೆ. ಶಿಶುನಾಳದ ಷರೀಫರ ಗುರು ಕಳಸದ ಗೋವಿಂದ ಭಟ್ಟರು. ಷರೀಫರ ಗದ್ದುಗೆಗೆ ಇವತ್ತಿಗೂ ಒಬ್ಬರು ಕಾಯಿ ಒಡೆಸುತ್ತಾರೆ, ಇನ್ನೊಬ್ಬರು ಸಕ್ಕರೆ ಓದಿಸುತ್ತಾರೆ. ಯಾವ ಸರ್ಕಾರವೂ ಇದನ್ನು ಯೋಜನೆ ಹಾಕಿ ಮಾಡಿಸಿದ್ದಲ್ಲ.

ಅಂಥ ನಾಡಿನಲ್ಲಿ 2022ರ ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗಿಕೇರಿ ಹನುಮಪ್ಪನ ಗುಡಿಯ ಹತ್ತಿರ ಒಬ್ಬ ಬಡ ಮುಸ್ಲಿಂ ವ್ಯಾಪಾರಿಯ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಕುಕ್ಕಿ ಒಡೆದರು. ಬಿಸಿಲಲ್ಲಿ ರಸ್ತೆ ಮೇಲೆ ಬಿದ್ದ ಆ ಕೆಂಪು ಹೋಳುಗಳ ಚಿತ್ರ ದೇಶವೆಲ್ಲ ನೋಡಿತು. ನಾನೂ ವ್ಯಾಪಾರಿ. ಬೆಳಿಗ್ಗೆ ಉದ್ರಿ ತಂದ ಮಾಲು ಸಂಜೆಯೊಳಗೆ ಮಾರಿದರೆ ಮಾತ್ರ ಮನೆಗೆ ಹಿಟ್ಟು ಹೋಗುತ್ತದೆ ಎಂಬ ಬದುಕು ನನಗೆ ಗೊತ್ತು. ಅವತ್ತು ಎಷ್ಟೋ ಹನುಮಪ್ಪನ ಭಕ್ತರೇ ಆ ವ್ಯಾಪಾರಿಗಾಗಿ ಮರುಗಿದರು, ಕೈಲಾದದ್ದು ಕೊಟ್ಟರು. ವಾರದಲ್ಲೇ ಹಳೇ ಹುಬ್ಬಳ್ಳಿಯಲ್ಲಿ ಮೊಬೈಲಿನ ಒಂದು ಸ್ಟೇಟಸ್‌ನಿಂದ ಶುರುವಾಗಿ ಠಾಣೆಯ ಮೇಲೆ ಕಲ್ಲು ಬಿತ್ತು, ಪೊಲೀಸರು ಗಾಯಗೊಂಡರು. ಅದನ್ನೂ ನಾನು ಅಷ್ಟೇ ಜೋರಾಗಿ ಖಂಡಿಸುತ್ತೇನೆ. ಎರಡನ್ನೂ ಒಂದೇ ದನಿಯಲ್ಲಿ ಖಂಡಿಸಿದ ಮುಖಂಡರನ್ನು ನಾನು ಆ ತಿಂಗಳು ಎಷ್ಟು ಹುಡುಕಿದರೂ ಕಾಣಲಿಲ್ಲ. ಒಬ್ಬರಿಗೆ ಕಲ್ಲಂಗಡಿ ಕಾಣಲಿಲ್ಲ, ಇನ್ನೊಬ್ಬರಿಗೆ ಕಲ್ಲು ಕಾಣಲಿಲ್ಲ.

ಈಗ ನನ್ನ ಬೇಡಿಕೆ. ದೊಡ್ಡದೇನಲ್ಲ. ಜಾತ್ರೆಗೆ, ಉರುಸಿಗೆ, ಕ್ರಿಸ್‌ಮಸ್‌ಗೆ ಬನ್ನಿ, ಪ್ರಸಾದದ ಸಾಲಿನಲ್ಲಿ ನಮ್ಮ ಜೊತೆ ನಿಲ್ಲಿ. ವೇದಿಕೆ ಹತ್ತಬೇಡಿ, ಮೈಕ್ ಹಿಡಿಯಬೇಡಿ, ನಿಮ್ಮ ಫೋಟೊದ ಫ್ಲೆಕ್ಸ್ ಕಟ್ಟಿಸಬೇಡಿ. ಮಠದ ಶಾಲೆಗೋ ಮದರಸಾಕ್ಕೋ ಹಾಸ್ಟೆಲ್‌ಗೋ ಸರ್ಕಾರದ ದುಡ್ಡು ಕೊಟ್ಟರೆ ಎಷ್ಟು ಕೊಟ್ಟಿರಿ, ಯಾವುದಕ್ಕೆ ಕೊಟ್ಟಿರಿ ಎಂದು ಅಲ್ಲೇ ಬೋರ್ಡ್ ಹಾಕಿಸಿ. ಹಬ್ಬಕ್ಕೆ ಮುಂಚೆ ಠಾಣೆಗಳಲ್ಲಿ ನಡೆಯುವ ಶಾಂತಿ ಸಭೆಗಳಲ್ಲಿ ಈಗ ಮುಂದಿನ ಕುರ್ಚಿಗಳಲ್ಲಿ ಪಕ್ಷದವರೇ ಕೂರುತ್ತಾರೆ. ಆ ಕುರ್ಚಿಗಳನ್ನು ಓಣಿಯ ಜನರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಬಿಡಿ. ಕರ್ಫ್ಯೂ ಬಿದ್ದಾಗ ಹಾಲು, ಔಷಧಿ ಎಲ್ಲಿಂದ ತರಬೇಕು ಎಂಬ ಚಿಂತೆ ಅವರದು. ನಿಮ್ಮ ಪಕ್ಷದವನೇ ಒಂದು ಸಮುದಾಯದ ಮೇಲೆ ವಿಷ ಕಾರಿದರೆ, ಅದೇ ದಿನ, ಅದೇ ಊರಲ್ಲಿ, ಅದು ತಪ್ಪು ಎಂದು ಹೇಳಿ. ‘ಅದು ಅವರ ವೈಯಕ್ತಿಕ ಅಭಿಪ್ರಾಯ’ ಎಂಬ ಮಾತು ಕೇಳಿ ನಮಗೆ ಸಾಕಾಗಿದೆ.

ಕೇಳಲು ಬೇರೆ ವಿಷಯಗಳು ಬೇಕಾದಷ್ಟಿವೆ. ಮಹದಾಯಿ ನದಿ ನೀರಿನ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯಕ್ಕೆ 13.42 ಟಿಎಂಸಿ ನೀರು ಹಂಚಿತು. ನರಗುಂದ, ನವಲಗುಂದದ ರೈತರು ಅದಕ್ಕಾಗಿ ವರ್ಷಗಟ್ಟಲೆ ಧರಣಿ ಕೂತವರು. ಅವರ ಧರಣಿಯಲ್ಲಿ ಯಾರ ಜಾತಿ, ಯಾರ ಧರ್ಮ ಎಂದು ಯಾರೂ ಕೇಳಿರಲಿಲ್ಲ. ಆ ವೇದಿಕೆ ಹತ್ತಿ, ಅಲ್ಲಿ ಮೈಕ್ ಹಿಡಿಯಿರಿ. ನಾವೇ ಮುಂದೆ ಬಂದು ಕೂತು ಕೇಳುತ್ತೇವೆ.

ಟಿಕೆಟ್ ಹಂಚಿಕೆ ಶುರುವಾಗುವ ಮೊದಲು ನಿಮ್ಮ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಕೊಡಿ: ಯಾವ ಧಾರ್ಮಿಕ ಜಾಗದಲ್ಲೂ ನಾನು ಮತ ಕೇಳುವುದಿಲ್ಲ, 1988ರ ಕಾಯ್ದೆಯನ್ನು ನನ್ನ ಪಕ್ಷದವರೂ ಪಾಲಿಸುವಂತೆ ನೋಡಿಕೊಳ್ಳುತ್ತೇನೆ. ಬರೆದು ಕೊಟ್ಟವರ ಹೆಸರನ್ನು ಪಕ್ಷ ನೋಡದೆ ನಾನೇ ಮಾರ್ಕೆಟ್ ತುಂಬ ಹೇಳಿಕೊಂಡು ಬರುತ್ತೇನೆ. ಕೊಡದವರು ಓಟು ಕೇಳಲು ಅಂಗಡಿಗೆ ಬಂದಾಗ ಯಾಕೆ ಕೊಡಲಿಲ್ಲ ಎಂದು ಎಲ್ಲರೆದುರು ಕೇಳುತ್ತೇನೆ.

ಇಂತಿ,
ಹುಬ್ಬಳ್ಳಿಯ ಒಬ್ಬ ಬಟ್ಟೆ ವ್ಯಾಪಾರಿ, ಮತದಾರ